ಯಾವ ವೈರಸ್ ಅನ್ನೋದಕ್ಕಿಂತ ಮೊದಲು ಉಸಿರು: ಆಸ್ಪತ್ರೆ ಸೇರಿದ ಮಕ್ಕಳ ಫ್ಲೂ ಮತ್ತು ಉಸಿರಾಟದ ಸೋಂಕುಗಳು

ಜ್ವರ, ಕೆಮ್ಮು ಅಂತ ಮಗುವನ್ನು ಆಸ್ಪತ್ರೆಗೆ ಕರೆತಂದ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ ಬಹಳ ಸಲ ಒಂದೇ: ‘ಡಾಕ್ಟ್ರೇ, ಇದು ಯಾವ ವೈರಸ್?’ ಡಾಕ್ಟರ್ ಮಾತ್ರ ಆ ಹೊತ್ತಿಗೆ ಹೆಸರಿನ ಬಗ್ಗೆ ತಲೆ ಕೆಡಿಸಿಕೊಂಡಿರುವುದಿಲ್ಲ. ಮಗುವಿನ ಅಂಗಿ ಮೇಲೆತ್ತಿ ಎದೆ ನೋಡುತ್ತಿರುತ್ತಾರೆ. ನಿಮಿಷಕ್ಕೆ ಎಷ್ಟು ಉಸಿರು? ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯಾ? ಹಾಲು ಕುಡಿಯುತ್ತಿದೆಯಾ? ಮೂತ್ರ ಮಾಡಿ ಎಷ್ಟು ಹೊತ್ತಾಯಿತು? ಅವರ ಪ್ರಶ್ನೆಗಳು ಇವು.

ಇದರಲ್ಲಿ ತಾತ್ಸಾರ ಏನೂ ಇಲ್ಲ. ಮಗುವನ್ನು ಅಡ್ಮಿಟ್ ಮಾಡಿಕೊಳ್ಳುವುದು ವೈರಸ್ಸಿನ ಹೆಸರು ನೋಡಿ ಅಲ್ಲ, ಉಸಿರು ನೋಡಿ. ಹಾಗಂತ ಹೆಸರು ಎಂದೂ ಬೇಡ ಅಂತಲೂ ಅಲ್ಲ. ಫ್ಲೂ ವಿಷಯದಲ್ಲಿ ಹೆಸರು ತುಂಬಾ ಮುಖ್ಯ, ಅದಕ್ಕೆ ಔಷಧಿ ಇದೆ, ಲಸಿಕೆ ಇದೆ. ಹೆಸರು ಯಾವಾಗ ಬೇಕು, ಯಾವಾಗ ಬೇಡ ಅನ್ನೋದು ಗೊತ್ತಾದರೆ ಮಕ್ಕಳ ವಾರ್ಡಿನಲ್ಲಿ ನಡೆಯುವ ಮುಕ್ಕಾಲು ಪಾಲು ಕೆಲಸ ಅರ್ಥವಾಗುತ್ತದೆ.

ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಮಾಮೂಲಿ. ಬಹುಪಾಲು ಮನೆಯಲ್ಲೇ ವಾಸಿಯಾಗುತ್ತದೆ. ಆಸ್ಪತ್ರೆವರೆಗೆ ಬರುವುದು ಸಣ್ಣ ಪಾಲು. ಆದರೆ ಜಗತ್ತಿನ ಎಲ್ಲ ಮಕ್ಕಳನ್ನು ಲೆಕ್ಕ ಹಾಕಿದರೆ ಆ ಸಣ್ಣ ಪಾಲೇ ದೊಡ್ಡ ಸಂಖ್ಯೆ. 2018ರ ಅಂದಾಜಿನ ಪ್ರಕಾರ, ಆ ಒಂದು ವರ್ಷದಲ್ಲಿ ಫ್ಲೂ ಎದೆಗಿಳಿದು ಆಸ್ಪತ್ರೆ ಸೇರಿದ ಐದು ವರ್ಷದೊಳಗಿನ ಮಕ್ಕಳು ಸುಮಾರು 8.7 ಲಕ್ಷ. ಆರ್‌ಎಸ್‌ವಿ ಎಂಬ ಇನ್ನೊಂದು ವೈರಸ್ಸಿನ ಲೆಕ್ಕ ಇದಕ್ಕಿಂತ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವರ್ಷಕ್ಕೆ 36 ಲಕ್ಷಕ್ಕೂ ಹೆಚ್ಚು ಮಕ್ಕಳು ಇದರಿಂದ ಆಸ್ಪತ್ರೆ ಸೇರುತ್ತಾರೆ, ಸುಮಾರು 1 ಲಕ್ಷ ಮಕ್ಕಳು ಸಾಯುತ್ತಾರೆ. ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆರು ತಿಂಗಳೂ ತುಂಬದ ಕೂಸುಗಳು. ಈ ಸಾವುಗಳಲ್ಲಿ ಬಹುತೇಕ ಎಲ್ಲವೂ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲೇ ಆಗುತ್ತವೆ.

ಅಂದರೆ ಎಲ್ಲರ ಬಾಯಲ್ಲಿರುವ ಹೆಸರು ಫ್ಲೂ, ಚಿಕ್ಕ ಮಕ್ಕಳ ವಾರ್ಡಿನ ಹಾಸಿಗೆ ತುಂಬಿಸುವುದು ಜಾಸ್ತಿ ಆರ್‌ಎಸ್‌ವಿ. ಎರಡು ವರ್ಷ ತುಂಬುವಷ್ಟರಲ್ಲಿ ಈ ವೈರಸ್ ತಗುಲದ ಮಗುವೇ ಅಪರೂಪ. ಇವೆರಡರ ಜೊತೆಗೆ ಇನ್ನೂ ಒಂದಷ್ಟು ವೈರಸ್‌ಗಳಿವೆ. ನೆಗಡಿಯ ರೈನೋವೈರಸ್, ಗಂಟಲು ಊದಿಸಿ ನಾಯಿ ಬೊಗಳಿದಂಥ ಕೆಮ್ಮು ತರುವ ಪ್ಯಾರಾಇನ್‌ಫ್ಲುಯೆಂಜಾ, ಕೆಲವೊಮ್ಮೆ ವಾರಗಟ್ಟಲೆ ಜ್ವರ ಎಳೆಯುವ ಅಡಿನೋವೈರಸ್, ಕೋವಿಡ್ ವೈರಸ್, ಮತ್ತೆ ಮೆಟಾನ್ಯುಮೋವೈರಸ್. ಈ ಕೊನೆಯದರ ಬಗ್ಗೆ 2025ರ ಜನವರಿಯಲ್ಲಿ ಹೊಸ ಮಾರಿ ಬಂತು ಅನ್ನುವ ಹಾಗೆ ಗಾಬರಿ ಹರಡಿತ್ತು. ನಿಜದಲ್ಲಿ ಅದನ್ನು ನೆದರ್‌ಲ್ಯಾಂಡ್ಸ್‌ನಲ್ಲಿ 2001ರಲ್ಲೇ ಗುರುತಿಸಿದ್ದರು. ಅದಕ್ಕೂ ಎಷ್ಟೋ ದಶಕ ಮುಂಚಿನಿಂದ ಅದು ಮಕ್ಕಳಲ್ಲಿ ಓಡಾಡುತ್ತಲೇ ಇತ್ತು, ಹೆಸರು ಇರಲಿಲ್ಲ ಅಷ್ಟೇ.

ಒಂದೇ ವೈರಸ್, ಅಪ್ಪನಿಗೆ ನೆಗಡಿ, ಮಗುವಿಗೆ ಆಕ್ಸಿಜನ್

ಮನೆಯಲ್ಲಿ ಎಲ್ಲರಿಗೂ ಒಂದೇ ಸೋಂಕು. ದೊಡ್ಡವರು ಎರಡು ದಿನ ಮೂಗು ಒರೆಸಿಕೊಂಡು ಕೆಲಸಕ್ಕೆ ಹೋದರು. ಮೂರು ತಿಂಗಳ ಕೂಸು ಆಸ್ಪತ್ರೆ ಸೇರಿತು. ಯಾಕೆ ಹೀಗೆ?

ರೋಗನಿರೋಧಕ ಶಕ್ತಿ ಇನ್ನೂ ಬಲಿತಿಲ್ಲ ಅನ್ನೋದು ಒಂದು ಕಾರಣ. ಅದಕ್ಕಿಂತ ಕಣ್ಣಿಗೆ ಕಾಣುವಂಥ ಕಾರಣ ಉಸಿರಿನ ನಾಳದ ಅಳತೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ದೊಡ್ಡವರ ನಾಳ ಒಂದು 8 ಮಿಲಿಮೀಟರ್ ಅಗಲ ಇದೆ ಅಂದುಕೊಳ್ಳಿ, ಕೂಸಿನದು 4 ಮಿಲಿಮೀಟರ್. ಸೋಂಕಿನಿಂದ ಇಬ್ಬರ ನಾಳದ ಒಳಗೋಡೆಯೂ ಸುತ್ತಲೂ 1 ಮಿಲಿಮೀಟರ್ ಊದಿಕೊಂಡಿತು. ದೊಡ್ಡವರಿಗೆ ಗಾಳಿ ಹೋಗುವ ಜಾಗ ಶೇ 44ರಷ್ಟು ಕಡಿಮೆಯಾಗುತ್ತದೆ. ಕೂಸಿಗೆ ಶೇ 75ರಷ್ಟು. ಅಷ್ಟಕ್ಕೇ ಮುಗಿಯಲಿಲ್ಲ. ನಾಳದಲ್ಲಿ ಗಾಳಿಗೆ ಎದುರಾಗುವ ತಡೆ, ತ್ರಿಜ್ಯ ಕಡಿಮೆಯಾದಂತೆ, ಅದರ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ದೊಡ್ಡವರಿಗೆ ತಡೆ ಸುಮಾರು 3 ಪಟ್ಟು ಹೆಚ್ಚಿದರೆ, ಕೂಸಿಗೆ 16 ಪಟ್ಟು. ಮಗು ಜೋರಾಗಿ ಅತ್ತರೆ ಗಾಳಿ ಸುಳಿಸುಳಿಯಾಗಿ ನುಗ್ಗುತ್ತದೆ, ಆಗ ತಡೆ ಇನ್ನೂ ಜಾಸ್ತಿ. ಉಸಿರಿಗೆ ಕಷ್ಟಪಡುತ್ತಿರುವ ಮಗುವನ್ನು ಅಮ್ಮನ ತೊಡೆ ಮೇಲೆಯೇ ಇಟ್ಟು ಪರೀಕ್ಷೆ ಮಾಡುವುದು, ಬೇಕಿಲ್ಲದ ಸೂಜಿ ಚುಚ್ಚದಿರುವುದು ಬರೀ ಕನಿಕರದಿಂದ ಅಲ್ಲ. ಅಳಿಸದಿರುವುದೂ ಅಲ್ಲಿ ಚಿಕಿತ್ಸೆಯ ಭಾಗವೇ.

ಮೊದಲ ಕೆಲವು ತಿಂಗಳು ಕೂಸುಗಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತವೆ. ಮೂಗು ಕಟ್ಟಿದರೆ ಬಾಯಿ ತೆರೆದು ಉಸಿರಾಡುವ ಅಭ್ಯಾಸ ಅವಕ್ಕೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಪಕ್ಕೆಲುಬುಗಳು ಮೆತ್ತಗೆ. ಜೋರಾಗಿ ಉಸಿರೆಳೆದರೆ ಎದೆಗೂಡು ಹಿಗ್ಗುವ ಬದಲು ಒಳಕ್ಕೆ ಕುಸಿಯುತ್ತದೆ. ಉಸಿರಾಟದ ಸ್ನಾಯುಗಳು ಬೇಗ ದಣಿಯುತ್ತವೆ.

ಇನ್ನು ಹಾಲು. ಹೀರಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ನಿಮಿಷಕ್ಕೆ 70 ಸಲ ಉಸಿರಾಡುತ್ತಿರುವ ಕೂಸಿಗೆ ಹಾಲು ಕುಡಿ ಅನ್ನುವುದು, ಏದುಸಿರು ಬಿಡುತ್ತಾ ಓಡುತ್ತಿರುವವರಿಗೆ ಹಾಗೇ ಊಟ ಮುಗಿಸು ಅಂದ ಹಾಗೆ. ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆ. ಮನೆಯವರಿಗೆ ಅದು ಹಟ ಅನ್ನಿಸಬಹುದು. ಹಟ ಅಲ್ಲ, ಸಾಧ್ಯವಾಗುತ್ತಿಲ್ಲ. ಆರ್‌ಎಸ್‌ವಿ ಬಂದ ಎಷ್ಟೋ ಕೂಸುಗಳು ಆಸ್ಪತ್ರೆ ಸೇರುವುದು ಆಕ್ಸಿಜನ್ ಕಡಿಮೆಯಾಗಿ ಅಲ್ಲ, ಹಾಲು ಇಳಿಯದೆ ನೀರಿನಂಶ ಕಡಿಮೆಯಾಗಿ.

ಎದೆ ನೋಡಿ ಓದುವುದು

ಇದನ್ನು ಯಾವ ಅಪ್ಪ ಅಮ್ಮನೂ ಕಲಿಯಬಹುದು. ಮಗು ಮಲಗಿರುವಾಗ ಅಥವಾ ಅಳದೆ ಸುಮ್ಮನಿರುವಾಗ ಅಂಗಿ ಬಿಚ್ಚಿ, ಬೆಳಕಿನಲ್ಲಿ ಎದೆ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆಗಲ್ಲ, ಯಾಕೆಂದರೆ ಕೂಸುಗಳ ಉಸಿರು ಒಮ್ಮೆ ಜೋರು ಒಮ್ಮೆ ನಿಧಾನ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆ ಹೀಗಿದೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ಜೋರು ಉಸಿರು. ಜ್ವರ ಏರಿದ್ದಾಗ ಉಸಿರು ತಾನಾಗಿಯೇ ಸ್ವಲ್ಪ ಜೋರಾಗುತ್ತದೆ. ಜ್ವರ ಇಳಿದ ಮೇಲೂ ಹಾಗೇ ಇದೆಯಾ ಅಂತ ಇನ್ನೊಮ್ಮೆ ಎಣಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಎಣಿಕೆಗಿಂತ ಜೋರಾಗಿ ಮಾತಾಡುವ ಗುರುತುಗಳೂ ಇವೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ, ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಎಳೆದುಕೊಳ್ಳುವುದು. ಮೂಗಿನ ಹೊಳ್ಳೆ ಅರಳುವುದು. ಪ್ರತಿ ಉಸಿರಿನ ಕೊನೆಗೆ ‘ಹ್ಞಂ, ಹ್ಞಂ’ ಅಂತ ನರಳುವ ಸದ್ದು. ಈ ನರಳಿಕೆ ನೋವಿನದಲ್ಲ. ಮುಚ್ಚಿಹೋಗುತ್ತಿರುವ ಗಾಳಿಚೀಲಗಳನ್ನು ತೆರೆದಿಡಲು ಮಗು ಗಂಟಲನ್ನು ಅರ್ಧ ಮುಚ್ಚಿ ಗಾಳಿ ತಡೆಹಿಡಿಯುವಾಗ ಬರುವ ಸದ್ದು ಅದು. ತುಟಿ, ನಾಲಿಗೆ ನೀಲಿಗಟ್ಟುವುದು, ಎಬ್ಬಿಸಿದರೂ ಏಳದಷ್ಟು ಮಂಕು, ಉಸಿರು ನಡುನಡುವೆ ನಿಲ್ಲುವುದು ಕಂಡರೆ ಮನೆಯಲ್ಲಿ ಯೋಚಿಸುತ್ತಾ ಕೂರುವ ಹೊತ್ತಲ್ಲ.

ಉಸಿರು ನಿಲ್ಲುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ, ಒಂದೆರಡು ತಿಂಗಳ ಕೂಸುಗಳಲ್ಲಿ ಆರ್‌ಎಸ್‌ವಿ ಕೆಲವೊಮ್ಮೆ ಕೆಮ್ಮು, ಜ್ವರ ಯಾವುದೂ ಇಲ್ಲದೆ ನೇರ ಉಸಿರು ನಿಲ್ಲಿಸುವುದರಿಂದಲೇ ಶುರುವಾಗಬಹುದು. ಹಾಗೆಯೇ ತುಂಬಾ ಜೋರಾಗಿದ್ದ ಉಸಿರು ಇದ್ದಕ್ಕಿದ್ದಂತೆ ನಿಧಾನವಾಗಿ ಮಗು ಸುಮ್ಮನಾದರೆ ಅದನ್ನು ಸುಧಾರಿಸಿತು ಅಂದುಕೊಳ್ಳಬಾರದು. ದಣಿದು ಕೈಬಿಡುತ್ತಿರಬಹುದು. ಅನುಭವಿ ನರ್ಸ್‌ಗಳು ಗದ್ದಲ ಮಾಡುವ ಮಗುವಿಗಿಂತ ಸುಮ್ಮನಾದ ಮಗುವಿನ ಹತ್ತಿರ ಮೊದಲು ಓಡುವುದು ಇದಕ್ಕೇ.

ಆಸ್ಪತ್ರೆಯಲ್ಲಿ ಬೆರಳಿಗೋ ಕಾಲಿಗೋ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುತ್ತದೆ. ಆರೋಗ್ಯವಾಗಿರುವ ಮಗುವಿಗೆ 95ಕ್ಕಿಂತ ಮೇಲೆ ಇರುತ್ತದೆ. 90ಕ್ಕಿಂತ ಕೆಳಗೆ ಹೋದರೆ ಆಕ್ಸಿಜನ್ ಕೊಡಲೇಬೇಕು. ನಡುವಿನ ಅಂಕಿಗಳಲ್ಲಿ ಡಾಕ್ಟರ್ ಮಗುವನ್ನು ನೋಡಿ ತೀರ್ಮಾನಿಸುತ್ತಾರೆ. ಕಾಲು ಅಲ್ಲಾಡಿಸಿದರೆ, ಪಾದ ತಣ್ಣಗಿದ್ದರೆ ಯಂತ್ರ ತಪ್ಪು ತೋರಿಸುತ್ತದೆ. ಮೈಬಣ್ಣ ಕಪ್ಪಗಿದ್ದರೆ ಕೆಲವೊಮ್ಮೆ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸಬಹುದು. ಆದ್ದರಿಂದ ತೆರೆ ಮೇಲಿನ ಅಂಕಿಯನ್ನೇ ದಿಟ್ಟಿಸುತ್ತಾ ರಾತ್ರಿ ಕಳೆಯುವುದಕ್ಕಿಂತ ಮಗುವಿನ ಎದೆ ನೋಡುವುದು ವಾಸಿ.

ಹಾಗಾದರೆ ಫ್ಲೂ ಹೇಗೆ ಬೇರೆ?

ಮಾಮೂಲಿ ನೆಗಡಿ ನಿಧಾನವಾಗಿ ಏರುತ್ತದೆ. ಫ್ಲೂ ಹಾಗಲ್ಲ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ 39–40 ಡಿಗ್ರಿ ಸೆಲ್ಸಿಯಸ್ ಜ್ವರದಲ್ಲಿ ಮುದುಡಿ ಮಲಗಿರುತ್ತದೆ. ಮೈಕೈ ನೋವು, ತಲೆನೋವು, ಒಣ ಕೆಮ್ಮು. ದೊಡ್ಡವರಲ್ಲಿ ಅಷ್ಟಾಗಿ ಕಾಣದ ವಾಂತಿ, ಭೇದಿ ಮಕ್ಕಳಲ್ಲಿ ಕಾಣುತ್ತದೆ. ಎಳೆಗೂಸಿನಲ್ಲಿ ಫ್ಲೂ ಬರೀ ಜ್ವರವಾಗಿ, ಹಾಲು ಬೇಡ ಅನ್ನುವುದಾಗಿ ಮಾತ್ರ ತೋರಬಹುದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೂ ಡಾಕ್ಟರುಗಳು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅದು ಫ್ಲೂ ಇರಬಹುದು, ರಕ್ತಕ್ಕೆ ಇಳಿದ ಬ್ಯಾಕ್ಟೀರಿಯಾ ಸೋಂಕೂ ಇರಬಹುದು. ಮುಖ ನೋಡಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಫ್ಲೂ ಶ್ವಾಸಕೋಶಕ್ಕಷ್ಟೇ ಸೀಮಿತ ಅಲ್ಲ. ಜ್ವರ ಏರುವಾಗ ಫಿಟ್ಸ್ ಬರಬಹುದು. ಮೊದಲ ಸಲ ನೋಡಿದವರಿಗೆ ಜೀವವೇ ಹೋದಂತಾಗುತ್ತದೆ, ಆದರೆ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಬರುವ ಸಾಮಾನ್ಯ ಜ್ವರದ ಫಿಟ್ಸ್ ಬಹುಪಾಲು ತಾನಾಗಿಯೇ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಹಾಗಿದ್ದರೂ ಮೊದಲ ಸಲ ಬಂದಾಗ ಡಾಕ್ಟರ್ ನೋಡಲೇಬೇಕು. ಐದು ನಿಮಿಷ ದಾಟಿದರೆ ತಡ ಮಾಡಬಾರದು. ಜ್ವರ ಬಿಟ್ಟ ಮೇಲೆ ಮೀನಖಂಡ ನೋವು ಅಂತ ಮಗು ನಡೆಯದೇ ಇರುವುದುಂಟು, ಅದು ಜಾಸ್ತಿ ಫ್ಲೂ ವೈರಸ್ಸಿನ ಎ, ಬಿ ಬಗೆಗಳಲ್ಲಿ ಇನ್‌ಫ್ಲುಯೆಂಜಾ ಬಿ ಕೊಡುವ ಕಾಟ. ಸಾಮಾನ್ಯವಾಗಿ ಕೆಲವು ದಿನದಲ್ಲಿ ಸರಿಹೋಗುತ್ತದೆ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಸ್ನಾಯು ತುಂಬಾ ಹಾನಿಯಾಗಿದೆ ಅಂತ ಅರ್ಥ, ತಕ್ಷಣ ತೋರಿಸಬೇಕು. ಅಪರೂಪಕ್ಕೆ ಮಿದುಳಿಗೆ, ಹೃದಯದ ಸ್ನಾಯುವಿಗೆ ತೊಂದರೆಯಾಗುತ್ತದೆ. ಮಗು ಮಂಕಾಗಿ ಅಸಂಬದ್ಧವಾಗಿ ಮಾತಾಡಿದರೆ ಜ್ವರದ ಕನವರಿಕೆ ಅಂತ ಬಿಡಬಾರದು.

ಆಸ್ತಮಾ, ಹೃದಯದ ಕಾಯಿಲೆ, ನರಗಳ ತೊಂದರೆ ಇರುವ ಮಕ್ಕಳಿಗೆ ಅಪಾಯ ಜಾಸ್ತಿ ಅನ್ನೋದು ನಿಜ. ಅದನ್ನು ಕೇಳಿ ನಮ್ಮ ಮಗು ಗಟ್ಟಿಮುಟ್ಟು, ಏನಾಗಲ್ಲ ಅಂತ ನಿಶ್ಚಿಂತೆಯಿಂದ ಇರುವವರೂ ಇದ್ದಾರೆ. ಮಕ್ಕಳ ಫ್ಲೂ ಸಾವುಗಳನ್ನು ಅಮೆರಿಕ 2004ರಿಂದ ಒಂದೊಂದಾಗಿ ದಾಖಲಿಸುತ್ತಾ ಬಂದಿದೆ. ಆ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಲಸಿಕೆ ವಿಷಯದಲ್ಲಿ ಮಾತ್ರ ಆ ಪಟ್ಟಿ ಬೇರೆ ಕತೆ ಹೇಳುತ್ತದೆ: ಸತ್ತವರಲ್ಲಿ ಬಹುಪಾಲು ಮಕ್ಕಳು ಆ ವರ್ಷದ ಫ್ಲೂ ಲಸಿಕೆ ಪೂರ್ತಿ ಹಾಕಿಸಿಕೊಂಡವರಲ್ಲ.

ಇನ್ನೊಂದು ಮೋಸವಿದೆ, ಇದು ತಿಳಿದಿರಬೇಕು. ಫ್ಲೂ ಬಂದು ನಾಲ್ಕೈದು ದಿನಕ್ಕೆ ಜ್ವರ ಬಿಡುತ್ತದೆ, ಮಗು ಎದ್ದು ಕೂರುತ್ತದೆ. ಒಂದೆರಡು ದಿನ ಬಿಟ್ಟು ಮತ್ತೆ ಜೋರು ಜ್ವರ, ಉಸಿರು ಮೊದಲಿಗಿಂತ ಕಷ್ಟ. ಇದು ಹಳೇ ಫ್ಲೂ ಮರುಕಳಿಸಿದ್ದಲ್ಲ. ಉಸಿರಿನ ನಾಳದ ಒಳಪದರದಲ್ಲಿ ಕೂದಲಿನಂಥ ಎಳೆಗಳು ಸದಾ ಅಲೆಯಾಡುತ್ತಾ ಕಫವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಫ್ಲೂ ವೈರಸ್ ಆ ಪದರವನ್ನೇ ಕೆರೆದು ಹಾಕುತ್ತದೆ. ಮೂಗು ಗಂಟಲಿನಲ್ಲಿ ಸುಮ್ನೆ ಕೂತಿದ್ದ ನ್ಯುಮೋಕಾಕಸ್, ಸ್ಟೆಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳಿಗೆ ದಾರಿ ಸಿಗುತ್ತದೆ, ಎದೆಗಿಳಿದು ನ್ಯುಮೋನಿಯಾ ಮಾಡುತ್ತವೆ. 1918ರ ಮಹಾಮಾರಿಯಲ್ಲಿ ಸತ್ತವರ ಶ್ವಾಸಕೋಶದ ತುಣುಕುಗಳನ್ನು ದಶಕಗಳ ನಂತರ ಪರೀಕ್ಷಿಸಿದವರು ಕಂಡದ್ದೂ ಇದನ್ನೇ. ಹೆಚ್ಚಿನವರನ್ನು ಮುಗಿಸಿದ್ದು ಫ್ಲೂ ಬೆನ್ನಿಗೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾ.

ಸ್ವಾಬ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೂಗಿಗೆ ಕಡ್ಡಿ ಹಾಕಿ ತೆಗೆದ ಸ್ವಾಬನ್ನು ಎರಡು ತರಹ ಪರೀಕ್ಷಿಸುತ್ತಾರೆ. ಹದಿನೈದು ನಿಮಿಷದಲ್ಲಿ ಉತ್ತರ ಕೊಡುವ ರ‍್ಯಾಪಿಡ್ ಟೆಸ್ಟ್ ಪಾಸಿಟಿವ್ ಬಂದರೆ, ಅದೂ ಫ್ಲೂ ಹರಡಿರುವ ಕಾಲದಲ್ಲಿ, ನಂಬಬಹುದು. ನೆಗೆಟಿವ್ ಬಂದರೆ ನಂಬುವುದು ಕಷ್ಟ. ಫ್ಲೂ ಇರುವ ಮಕ್ಕಳಲ್ಲಿ ಸಾಕಷ್ಟು ಜನರನ್ನು ಅದು ಬಿಟ್ಟುಬಿಡುತ್ತದೆ. ಪಿಸಿಆರ್ ಪರೀಕ್ಷೆ ಹೆಚ್ಚು ನಿಖರ, ಖರ್ಚೂ ಜಾಸ್ತಿ.

ಒಂದೇ ಸ್ವಾಬಿನಲ್ಲಿ ಹತ್ತಿಪ್ಪತ್ತು ವೈರಸ್ ಹುಡುಕುವ ಪ್ಯಾನೆಲ್‌ಗಳೂ ಈಗ ಬಂದಿವೆ. ರಿಪೋರ್ಟಿನಲ್ಲಿ ಮೂರು ವೈರಸ್ ಪಾಸಿಟಿವ್ ಅಂತ ಕಂಡು ಹೆದರುವವರಿದ್ದಾರೆ. ಹೆದರಬೇಕಿಲ್ಲ. ರೈನೋವೈರಸ್ಸಿನ ತುಣುಕುಗಳು ಆರಾಮಾಗಿ ಆಡಿಕೊಂಡಿರುವ ಮಕ್ಕಳ ಮೂಗಿನಲ್ಲೂ ಸಿಗುತ್ತವೆ. ಹಿಂದಿನ ವಾರದ ಸೋಂಕಿನ ಉಳಿಕೆಯೂ ಇರಬಹುದು. ಸಿಕ್ಕಿದ್ದೆಲ್ಲ ಕಾಯಿಲೆಗೆ ಕಾರಣ ಅಲ್ಲ. ನನ್ನ ಪ್ರಕಾರ ಇಂಥ ದೊಡ್ಡ ಪ್ಯಾನೆಲ್ ಮಾಡಿಸುವ ಮೊದಲು ಕೇಳಬೇಕಾದ್ದು ಒಂದೇ: ಉತ್ತರ ಬಂದರೆ ಚಿಕಿತ್ಸೆ ಬದಲಾಗುತ್ತದಾ? ಫ್ಲೂ ಅಂತ ಗೊತ್ತಾದರೆ ಖಂಡಿತ ಬದಲಾಗುತ್ತದೆ. ಕೋವಿಡ್ ಅಂದರೂ ಕೆಲವೊಮ್ಮೆ. ಆರ್‌ಎಸ್‌ವಿ ಅಂತ ಗೊತ್ತಾದರೆ ಬೇಕಿಲ್ಲದ ಆ್ಯಂಟಿಬಯಾಟಿಕ್ ನಿಲ್ಲಿಸಬಹುದು, ಯಾವ ಮಗುವನ್ನು ಯಾವ ಮಗುವಿನ ಪಕ್ಕ ಮಲಗಿಸಬಾರದು ಅನ್ನೋದು ತಿಳಿಯುತ್ತದೆ. ಉಳಿದವುಗಳ ಹೆಸರು ತಿಳಿದರೂ ಮಾಡುವ ಕೆಲಸ ಬಹುಮಟ್ಟಿಗೆ ಅದೇ.

ಆಸ್ಪತ್ರೆ ಕೊಡುವುದು ಸಮಯ

ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಣ್ಣ ಗಾಳಿನಾಳಗಳು ಊದಿ, ಕಫ ತುಂಬಿ ಗೂರಲು ಬರುವುದನ್ನು ಬ್ರಾಂಕಿಯೋಲೈಟಿಸ್ ಅನ್ನುತ್ತಾರೆ. ಹೆಚ್ಚಾಗಿ ಆರ್‌ಎಸ್‌ವಿ ಕೆಲಸ. ಇದಕ್ಕೆ ಏನೇನು ಕೊಡುತ್ತಾರೆ ಅನ್ನುವುದಕ್ಕಿಂತ ಏನೇನು ಕೊಡುವುದಿಲ್ಲ ಅನ್ನೋ ಪಟ್ಟಿಯೇ ಉದ್ದ. ಉಸಿರಿನ ನಾಳ ಅಗಲಿಸಲು ನೆಬ್ಯುಲೈಸರ್‌ನಲ್ಲಿ ಹಾಕುವ ಸಾಲ್ಬುಟಮಾಲ್ ವಾಡಿಕೆಯಂತೆ ಬೇಡ. ಸ್ಟಿರಾಯ್ಡ್ ಬೇಡ. ಆ್ಯಂಟಿಬಯಾಟಿಕ್ ಬೇಡ. ಎದೆ ತಟ್ಟಿ ಕಫ ಬಿಡಿಸುವ ಫಿಸಿಯೋಥೆರಪಿ ಬೇಡ. ಇದೆಲ್ಲ ಮಾಡಿ ನೋಡಿ, ಅಳೆದು ನೋಡಿ, ಉಪಯೋಗವಿಲ್ಲ ಅಂತ ಕಂಡುಕೊಂಡ ಮೇಲೆ ಬಿಟ್ಟದ್ದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆಯಿತು.

ಅಪ್ಪ ಅಮ್ಮನಿಗೆ ಇದು ಅರಗುವುದು ಕಷ್ಟ. ಮಗು ಒದ್ದಾಡುತ್ತಿದೆ, ಇವರು ಏನೂ ಕೊಡುತ್ತಿಲ್ಲವಲ್ಲ ಅನ್ನಿಸುತ್ತದೆ. ಆದರೆ ಕೊಡುತ್ತಿರುವುದು ಇದೆ. ಮೂಗಿನ ಗೊಣ್ಣೆ ತೆಗೆಯುತ್ತಾರೆ. ಬೇಕಾದರೆ ಆಕ್ಸಿಜನ್ ಕೊಡುತ್ತಾರೆ. ಕುಡಿಯಲು ಆಗದಿದ್ದರೆ ಮೂಗಿನ ಮೂಲಕ ಹೊಟ್ಟೆಗೆ ತೆಳು ಟ್ಯೂಬ್ ಹಾಕಿ ಅಮ್ಮನ ಹಾಲನ್ನೇ ಇಳಿಸುತ್ತಾರೆ, ಇಲ್ಲವೇ ಡ್ರಿಪ್ ಹಾಕುತ್ತಾರೆ. ಈ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ. ಆ ತುದಿ ದಾಟುವವರೆಗೆ ಮಗು ದಣಿದು ಸೋಲದಂತೆ ನೋಡಿಕೊಳ್ಳುವುದೇ ಆಸ್ಪತ್ರೆಯ ಕೆಲಸ. ಎರಡನೇ ದಿನ ಅಡ್ಮಿಟ್ ಆದ ಮಗು ಮಾರನೇ ದಿನ ಇನ್ನೂ ಕೆಟ್ಟಿತು ಅಂದರೆ ಚಿಕಿತ್ಸೆ ಸರಿಯಿಲ್ಲ ಅಂತಲೇ ಅರ್ಥವಲ್ಲ, ಕಾಯಿಲೆ ತನ್ನ ದಾರಿಯಲ್ಲಿ ಏರುತ್ತಿರಬಹುದು.

ಸಾಮಾನ್ಯ ಆಕ್ಸಿಜನ್ ಸಾಲದಾದಾಗ ಬೆಚ್ಚಗೆ ಮಾಡಿದ, ತೇವ ಸೇರಿಸಿದ ಗಾಳಿಯನ್ನು ಮೂಗಿಗೆ ಜೋರಾಗಿ ಹಾಯಿಸುವ ಹೈ ಫ್ಲೋ ಯಂತ್ರವಿದೆ. ಅದರ ಮುಂದಿನ ಹೆಜ್ಜೆ ಸಿಪಾಪ್, ಅಂದರೆ ಉಸಿರು ಬಿಡುವಾಗಲೂ ಸ್ವಲ್ಪ ಒತ್ತಡ ಉಳಿಸಿ ಗಾಳಿಚೀಲ ಮುಚ್ಚದಂತೆ ನೋಡಿಕೊಳ್ಳುವುದು. ಮಗು ನರಳುತ್ತಾ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ಯಂತ್ರ ವಹಿಸಿಕೊಳ್ಳುತ್ತದೆ. ಢಾಕಾದ ವೈದ್ಯ ಮೊಹಮ್ಮದ್ ಜೋಬಾಯರ್ ಚಿಶ್ತಿ ಇದನ್ನು ತೀರಾ ಅಗ್ಗದಲ್ಲಿ ಮಾಡಿ ತೋರಿಸಿದರು. ಉಸಿರು ಹೊರಬರುವ ಕೊಳವೆಯ ತುದಿಯನ್ನು ನೀರು ತುಂಬಿದ ಬಾಟಲಿಯಲ್ಲಿ ಮುಳುಗಿಸಿದರೆ ಸಾಕು. ಕೊಳವೆ ಎಷ್ಟು ಆಳ ಮುಳುಗಿದೆಯೋ ಅಷ್ಟು ಒತ್ತಡ. ಇದಕ್ಕೆ ಅವರು ಬಳಸಿದ್ದು ಖಾಲಿ ಶಾಂಪೂ ಬಾಟಲಿ. 2015ರಲ್ಲಿ ಪ್ರಕಟವಾದ ಅವರ ತಂಡದ ಅಧ್ಯಯನದಲ್ಲಿ ಸಾಮಾನ್ಯ ಆಕ್ಸಿಜನ್ ಪಡೆದ, ತೀವ್ರ ನ್ಯುಮೋನಿಯಾದ ಮಕ್ಕಳಲ್ಲಿ ಶೇ 15ರಷ್ಟು ಸತ್ತರೆ, ಗುಳ್ಳೆ ಬರುವ ಈ ಸಿಪಾಪ್ ಪಡೆದವರಲ್ಲಿ ಶೇ 4ರಷ್ಟು. ಇದನ್ನು ಓದಿ ಬಾಟಲಿ ಇದ್ದರೆ ಸಾಕು ಅಂದುಕೊಳ್ಳುವಂತಿಲ್ಲ. ಆಫ್ರಿಕಾದ ಮಲಾವಿಯಲ್ಲಿ ಡಾಕ್ಟರುಗಳ ಹತ್ತಿರದ ನಿಗಾ ಇಲ್ಲದ ಕಡೆ, ಮೊದಲೇ ಬಳಲಿದ್ದ ಮಕ್ಕಳಲ್ಲಿ ಸಿಪಾಪ್ ಪ್ರಯೋಗಿಸಿದಾಗ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಯಂತ್ರದ ಪಕ್ಕದಲ್ಲಿ ನಿಂತು ನೋಡುವವರು ಯಾರು ಅನ್ನೋದು ಯಂತ್ರದಷ್ಟೇ ಮುಖ್ಯ.

ಫ್ಲೂ ಆದರೆ ನೇರ ಔಷಧಿ ಇದೆ: ಒಸೆಲ್ಟಾಮಿವಿರ್. ಜೀವಕೋಶದೊಳಗೆ ಹುಟ್ಟಿದ ಹೊಸ ವೈರಸ್‌ಗಳು ಕಳಚಿಕೊಂಡು ಹೊರಗೆ ಹೋಗದಂತೆ ಇದು ತಡೆಯುತ್ತದೆ. ಇರುವ ಹಾನಿಯನ್ನು ಸರಿಮಾಡುವುದಿಲ್ಲ, ಮುಂದೆ ಹರಡುವುದನ್ನು ತಗ್ಗಿಸುತ್ತದೆ. ಅದಕ್ಕೇ ಮೊದಲ 48 ಗಂಟೆಯಲ್ಲಿ ಶುರು ಮಾಡಿದರೆ ಹೆಚ್ಚು ಲಾಭ. ಆದರೆ ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದ ಮಗುವಿಗೆ ಎರಡು ದಿನ ದಾಟಿದ್ದರೂ ಕೊಡುತ್ತಾರೆ. ಫ್ಲೂ ಅನುಮಾನ ಬಲವಾಗಿದ್ದರೆ ರಿಪೋರ್ಟಿಗೆ ಕಾಯುವುದಿಲ್ಲ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಐದು ದಿನ. ಪ್ರಮಾಣ ಮಗುವಿನ ತೂಕ, ವಯಸ್ಸಿನ ಮೇಲೆ. ಕೆಲವು ಮಕ್ಕಳು ಇದನ್ನು ವಾಂತಿ ಮಾಡಿಕೊಳ್ಳುತ್ತಾರೆ, ಏನಾದರೂ ತಿಂದ ಮೇಲೆ ಕೊಟ್ಟರೆ ಸ್ವಲ್ಪ ಕಡಿಮೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಅದೂ ತೂಕದ ಲೆಕ್ಕದಲ್ಲಿ. ಆ್ಯಸ್ಪಿರಿನ್ ಮಾತ್ರ ಮಕ್ಕಳ ಫ್ಲೂ ಜ್ವರಕ್ಕೆ ಕೊಡಲೇಬಾರದು. ಯಕೃತ್ತು ಮತ್ತು ಮಿದುಳು ಎರಡನ್ನೂ ಹಾಳು ಮಾಡುವ ರೈ ಸಿಂಡ್ರೋಮ್‌ಗೂ ಅದಕ್ಕೂ ನಂಟಿದೆ. 1980ರ ದಶಕದಲ್ಲಿ ಎಚ್ಚರಿಕೆ ಕೊಟ್ಟ ಮೇಲೆ ಆ ಕಾಯಿಲೆ ತೀರಾ ಅಪರೂಪವಾಯಿತು. ಕೆಮ್ಮಿನ ಸಿರಪ್ ಚಿಕ್ಕ ಮಕ್ಕಳಿಗೆ ಉಪಯೋಗಕ್ಕಿಂತ ಅಪಾಯವೇ ಜಾಸ್ತಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ

ಬೇರೇನೋ ಕಾಯಿಲೆಗೆ ಸೇರಿದ ಮಗು ವಾರ್ಡಿನಲ್ಲೇ ಆರ್‌ಎಸ್‌ವಿ ಹತ್ತಿಸಿಕೊಳ್ಳುವುದು ಹಳೇ ಸಮಸ್ಯೆ. ಹೇಗೆ ಹರಡುತ್ತದೆ ಅಂತ ತಿಳಿಯಲು ಅಮೆರಿಕದ ವೈದ್ಯೆ ಕ್ಯಾರೊಲಿನ್ ಹಾಲ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ 1981ರಲ್ಲಿ ಪ್ರಕಟವಾಯಿತು. ಸೋಂಕಿದ್ದ ಕೂಸುಗಳ ಹತ್ತಿರ ಮೂರು ಗುಂಪಿನ ಸ್ವಯಂಸೇವಕರನ್ನು ಕಳಿಸಿದರು. ಒಂದು ಗುಂಪು ಕೂಸನ್ನು ಎತ್ತಿ ಮುದ್ದಾಡಿ ಆರೈಕೆ ಮಾಡಿತು. ಎರಡನೆಯದು ಕೂಸು ಇಲ್ಲದ ಹೊತ್ತಲ್ಲಿ ಹೋಗಿ ಅದರ ಸುತ್ತಲಿನ ವಸ್ತುಗಳನ್ನು ಮುಟ್ಟಿ, ಆಮೇಲೆ ತಮ್ಮ ಮೂಗು ಕಣ್ಣು ಮುಟ್ಟಿಕೊಂಡಿತು. ಮೂರನೆಯದು ಏನನ್ನೂ ಮುಟ್ಟದೆ ಹಾಸಿಗೆಯಿಂದ ದೂರ ಕೂತಿತು. ಮುದ್ದಾಡಿದ 7 ಜನರಲ್ಲಿ 5 ಜನಕ್ಕೆ ಸೋಂಕು. ಮುಟ್ಟಿದ 10 ಜನರಲ್ಲಿ 4 ಜನಕ್ಕೆ. ಸುಮ್ನೆ ಕೂತಿದ್ದ 14 ಜನರಲ್ಲಿ ಒಬ್ಬರಿಗೂ ಇಲ್ಲ.

ಕೈ ತೊಳೆಯಿರಿ ಅಂತ ನರ್ಸ್ ಹತ್ತು ಸಲ ಹೇಳುವುದರ ಹಿಂದೆ ಇಂಥ ಲೆಕ್ಕ ಇದೆ. ಮಂಚದ ಕಂಬಿ, ಆಟಿಕೆ, ಮೊಬೈಲ್ ಮೇಲೆ ಆರ್‌ಎಸ್‌ವಿ ಗಂಟೆಗಟ್ಟಲೆ ಬದುಕಿರಬಲ್ಲದು. ಫ್ಲೂ ಇದರ ಜೊತೆಗೆ ಕೆಮ್ಮು ಸೀನಿನ ಹನಿಗಳಲ್ಲಿ ಗಾಳಿಯಲ್ಲೂ ಬರುತ್ತದೆ, ಹಾಗಾಗಿ ಮಾಸ್ಕ್ ಬೇಕು. ಮಕ್ಕಳು ದೊಡ್ಡವರಿಗಿಂತ ಹೆಚ್ಚು ದಿನ ವೈರಸ್ ಹೊರಹಾಕುತ್ತಾರೆ. ಮಗುವನ್ನು ನೋಡಲು ನೆಂಟರು ಸಾಲುಗಟ್ಟಿ ಬರುವುದು ಪ್ರೀತಿಯಿಂದಲೇ. ಆದರೂ ಕೆಮ್ಮು ನೆಗಡಿ ಇರುವವರು ಫೋನಿನಲ್ಲಿ ವಿಚಾರಿಸಿಕೊಂಡರೆ ಪಕ್ಕದ ಹಾಸಿಗೆಯ ಮಗುವಿಗೂ ಒಳ್ಳೆಯದು, ಅಲ್ವಾ?

ಲಸಿಕೆಗಳ ಮಾತು

ಫ್ಲೂ ವೈರಸ್ ತನ್ನ ಹೊರಮೈಯನ್ನು ಸ್ವಲ್ಪಸ್ವಲ್ಪ ಬದಲಿಸುತ್ತಲೇ ಇರುತ್ತದೆ. ಹೋದ ವರ್ಷದ ರಕ್ಷಣೆ ಈ ವರ್ಷಕ್ಕೆ ಪೂರ್ತಿ ಒದಗುವುದಿಲ್ಲ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಭೂಮಿಯ ಉತ್ತರಾರ್ಧಕ್ಕೆ ಒಮ್ಮೆ, ದಕ್ಷಿಣಾರ್ಧಕ್ಕೆ ಒಮ್ಮೆ, ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಇನ್‌ಫ್ಲುಯೆಂಜಾ ಬಿ ವೈರಸ್ಸಿನ ಯಾಮಗಾಟ ಎಂಬ ಕವಲು 2020ರ ಮಾರ್ಚ್ ನಂತರ ಖಚಿತವಾಗಿ ಎಲ್ಲೂ ಕಂಡಿಲ್ಲ, ಕೋವಿಡ್ ಕಾಲದಲ್ಲಿ ಹರಡಲಾಗದೆ ಅಳಿದಿರುವಂತಿದೆ. ಹಾಗಾಗಿ ನಾಲ್ಕು ತಳಿಯ ಲಸಿಕೆ ಬಿಟ್ಟು ಮತ್ತೆ ಮೂರಕ್ಕೆ ಬರಲು ಸಲಹೆ ಬಂತು.

ಆರು ತಿಂಗಳು ತುಂಬಿದ ಮಗುವಿಗೆ ಹಾಕಿಸಬಹುದು. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಸಲ ಹಾಕಿಸುವಾಗ ಸಾಮಾನ್ಯವಾಗಿ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಲಸಿಕೆ ಹಾಕಿಸಿದರೂ ಫ್ಲೂ ಬಂತಲ್ಲ ಅನ್ನುವ ದೂರು ಸುಳ್ಳಲ್ಲ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲೂ ಡಾಕ್ಟರ ಹತ್ತಿರ ಹೋಗುವಂಥ ಫ್ಲೂವನ್ನು ಅದು ತಡೆಯುವುದು ಶೇ 40ರಿಂದ 60ರಷ್ಟು. ಜೀವಕ್ಕೆ ಕುತ್ತು ತರುವ ಫ್ಲೂ ವಿಷಯದಲ್ಲಿ ಕೆಲಸ ಇನ್ನೂ ಚೆನ್ನಾಗಿದೆ. 2022ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದು ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಅಂಥ ಫ್ಲೂ ಶೇ 75ರಷ್ಟು ಕಡಿಮೆಯಾದದ್ದನ್ನು ಕಂಡಿತು. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಇಲ್ಲ. ಅವಕ್ಕಿರುವ ದಾರಿ ಎಂದರೆ ಬಸುರಿಯಾಗಿದ್ದಾಗಲೇ ಅಮ್ಮ ಹಾಕಿಸಿಕೊಳ್ಳುವುದು. ಅಮ್ಮನ ರಕ್ಷಣೆ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ಹೋಗುತ್ತದೆ.

ಆರ್‌ಎಸ್‌ವಿ ಲಸಿಕೆಯ ಕತೆ ಇನ್ನೂ ಕಹಿ. 1960ರ ದಶಕದಲ್ಲಿ ಸಾಯಿಸಿದ ವೈರಸ್ಸಿನಿಂದ ಒಂದು ಲಸಿಕೆ ಮಾಡಿ ಕೂಸುಗಳಿಗೆ ಹಾಕಿದರು. ಆಮೇಲೆ ನಿಜವಾದ ವೈರಸ್ ತಗುಲಿದಾಗ ಲಸಿಕೆ ಪಡೆದವರಲ್ಲೇ ಕಾಯಿಲೆ ಭೀಕರವಾಯಿತು. ಸೋಂಕು ತಗುಲಿದ ಲಸಿಕೆಯ ಗುಂಪಿನಲ್ಲಿ ಶೇ 80ರಷ್ಟು ಕೂಸುಗಳು ಆಸ್ಪತ್ರೆ ಸೇರಿದವು, ಎರಡು ಸತ್ತವು. ದಶಕಗಳವರೆಗೆ ಈ ದಾರಿಗೆ ಕಾಲಿಡಲು ಎಲ್ಲರಿಗೂ ಅಂಜಿಕೆ. ವೈರಸ್ಸಿನ ಎಫ್ ಪ್ರೋಟೀನು ಜೀವಕೋಶಕ್ಕೆ ನುಗ್ಗುವ ಮೊದಲು ಒಂದು ಆಕಾರ, ನುಗ್ಗಿದ ಮೇಲೆ ಇನ್ನೊಂದು ಆಕಾರ ತಾಳುತ್ತದೆ. ಬಲವಾದ ರಕ್ಷಣೆ ಬರುವುದು ಮೊದಲಿನ ಆಕಾರವನ್ನು ಗುರುತಿಸುವ ಪ್ರತಿಕಾಯಗಳಿಂದ, ಅಂದರೆ ಆ್ಯಂಟಿಬಾಡಿಗಳಿಂದ. ಆ ಆಕಾರವನ್ನು 2013ರಲ್ಲಿ ಬಿಡಿಸಿ ನೋಡಿದ ಮೇಲೆ ದಾರಿ ತೆರೆಯಿತು. 2023ರಲ್ಲಿ ಬಸುರಿಯರಿಗೆ ಹಾಕುವ ಲಸಿಕೆಗೆ ಅನುಮತಿ ಸಿಕ್ಕಿತು. ಕೂಸಿಗೇ ನೇರವಾಗಿ ಸಿದ್ಧ ಪ್ರತಿಕಾಯ ಕೊಡುವ ನಿರ್ಸೆವಿಮಾಬ್ ಎಂಬ ಚುಚ್ಚುಮದ್ದೂ ಬಂದಿದೆ. ಒಂದು ಸಲ ಕೊಟ್ಟರೆ ಕನಿಷ್ಠ ಐದು ತಿಂಗಳು ಕೂಸನ್ನು ಕಾಪಾಡುತ್ತದೆ. ಎಲ್ಲ ದೇಶಗಳಿಗೂ, ಎಲ್ಲ ಜೇಬುಗಳಿಗೂ ಇವು ಇನ್ನೂ ಎಟುಕಿಲ್ಲ. ಹೆಚ್ಚು ಸಾವು ಆಗುವ ಜಾಗಗಳಿಗೇ ಕೊನೆಗೆ ತಲುಪುತ್ತವೆ ಅನ್ನೋದು ಬೇಸರದ ಮಾತು.

ಮನೆಗೆ ಹೋದ ಮೇಲೆ

ಹೊರಗಿನಿಂದ ಆಕ್ಸಿಜನ್ ಕೊಡದೆಯೂ ಆಕ್ಸಿಮೀಟರ್‌ನ ಅಂಕಿ ಸರಿಯಾಗಿ ನಿಂತು, ಹಾಲು ಊಟ ಮಾಮೂಲಿನ ಮುಕ್ಕಾಲು ಭಾಗ ಇಳಿಯತೊಡಗಿದರೆ ಸಾಮಾನ್ಯವಾಗಿ ಮನೆಗೆ ಕಳಿಸುತ್ತಾರೆ. ಕೆಮ್ಮು ಪೂರ್ತಿ ಹೋಗಲಿ ಅಂತ ಕಾಯುವುದಿಲ್ಲ. ಬ್ರಾಂಕಿಯೋಲೈಟಿಸ್ ಆದ ಹತ್ತು ಮಕ್ಕಳಲ್ಲಿ ಒಂಬತ್ತು ಮಕ್ಕಳ ಕೆಮ್ಮು ನಿಲ್ಲಲು ಮೂರು ವಾರದವರೆಗೂ ಬೇಕಾಗಬಹುದು. ಮಗು ಆಡಿಕೊಂಡು, ಉಂಡುಕೊಂಡು, ರಾತ್ರಿ ಒಂದಿಷ್ಟು ಕೆಮ್ಮುತ್ತಿದ್ದರೆ ಅದಕ್ಕಾಗಿ ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ಬೇಕಿಲ್ಲ. ವಾಪಸ್ ಹೋಗಬೇಕಾದ್ದು ಬೇರೆ ಕಾರಣಕ್ಕೆ: ಬಿಟ್ಟ ಜ್ವರ ಮತ್ತೆ ಏರಿದರೆ, ಪಕ್ಕೆ ಮತ್ತೆ ಎಳೆಯತೊಡಗಿದರೆ, ಹಾಲು ಅರ್ಧಕ್ಕಿಂತ ಕಡಿಮೆಯಾದರೆ, ಎಂಟು ಹತ್ತು ಗಂಟೆ ಮೂತ್ರವೇ ಆಗದಿದ್ದರೆ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ, ಒಲೆಯ ಹೊಗೆ ತುಂಬುತ್ತಿದ್ದರೆ ಮಗುವಿನ ಎದೆ ಸುಧಾರಿಸುವುದು ತಡ. ಸೇದುವವರು ಬಾಲ್ಕನಿಗೆ ಹೋಗಿ ಬಂದರೂ ಬಟ್ಟೆಯ ಹೊಗೆ ಜೊತೆಗೇ ಬರುತ್ತದೆ.

ಈಗಾಗಲೇ ಫ್ಲೂ ಬಂದು ಹೋಯಿತಲ್ಲ, ಈ ವರ್ಷ ಲಸಿಕೆ ಯಾಕೆ ಅಂತ ಡಿಸ್ಚಾರ್ಜ್ ಹೊತ್ತಿಗೆ ಕೇಳುವವರು ಬಹಳ. ಬಂದದ್ದು ಒಂದು ತಳಿ. ಅದೇ ಕಾಲದಲ್ಲಿ ಎ ವೈರಸ್ಸಿನ ಎರಡು ಬಗೆ, ಬಿ ವೈರಸ್ಸಿನ ಒಂದು ಬಗೆ ಓಡಾಡುತ್ತಿರುತ್ತವೆ. ಹಾಗಾಗಿ ಮಗು ಚೇತರಿಸಿಕೊಂಡ ಮೇಲೆ ಹಾಕಿಸುವುದರಲ್ಲಿ ಅರ್ಥವಿದೆ. ಅದೇ ದಿನ ಮನೆಯ ಅಣ್ಣ ಅಕ್ಕಂದಿರಿಗೂ ಹಾಕಿಸಿದರೆ ಇನ್ನೂ ಅನುಕೂಲ, ಏಕೆಂದರೆ ಶಾಲೆಯಿಂದ ವೈರಸ್ ಹೊತ್ತು ತರುವವರು ಸಾಮಾನ್ಯವಾಗಿ ಅವರೇ.